ಪೆನ್ನಿನ ಸಪ್ಪಳ

ತಲೆ ಮತ್ತೆ ಎಡಕ್ಕೆ ವಾಲಿತು. ಶೋಭಾ ಗೋಡೆಯ ಗೂಟಕ್ಕೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿ, ಅತ್ತೆಯ ಗದ್ದದ ಕೆಳಗೆ ಇನ್ನೊಂದು ಸುತ್ತು ತಂದು ಬಿಗಿದಳು. ಗೋಡೆಗೆ ಒರಗಿಸಿ ಕೂಡಿಸಿದ್ದ ತಾಯವ್ವ ಹಣೆ ತುಂಬ ವಿಭೂತಿ ಹಚ್ಚಿಸಿಕೊಂಡು, ಬಂದವರನ್ನೆಲ್ಲ ಮಾತಾಡಿಸಲು ತಯಾರಾದವಳಂತೆ ಕಂಡಳು. ಬದುಕಿದ್ದಾಗ, ಈ ಒಂದು ವರ್ಷದಲ್ಲಿ, ಇಷ್ಟು ನೆಟ್ಟಗೆ ಕೂತವಳೇ ಅಲ್ಲ.

"ಸಾಕ ಬಿಡ ಶೋಭವ್ವಾ, ಭಾಳ ಬಿಗಿ ಆದೀತು," ಎಂದ ಖಂಡೆಪ್ಪ. ಆತ ತಾಯವ್ವನ ತಮ್ಮ. ತವರಿನ ಸೀರೆ ಹಿಡಿದುಕೊಂಡು ಕಲ್ಲೋಳಿಯಿಂದ ಮೊದಲ ಬಸ್ಸಿಗೇ ಹುಕ್ಕೇರಿಗೆ ಬಂದಿದ್ದ.

ಶೋಭಾ ಕೈಬಿಟ್ಟು ಬಾಗಿಲಿಗೆ ಒರಗಿದಳು. ನಸುಕಿನಲ್ಲಿ ಅತ್ತೆಯ ಉಸಿರು ನಿಂತಾಗಿನಿಂದ ಆಕೆ ಕೂತಿರಲಿಲ್ಲ. ಅಳುವೂ ಬಂದಿರಲಿಲ್ಲ. ಅಳಲಿಕ್ಕೂ ಮೈಯಲ್ಲಿ ಕಸುವು ಬೇಕು. ದಿನಾ ಖಾನಾವಳಿಯಲ್ಲಿ ಇನ್ನೂರು ರೊಟ್ಟಿ ಬಡಿದು, ಮನೆಗೆ ಬಂದು ಅತ್ತೆಯನ್ನು ಎತ್ತಿ, ತೊಳೆದು, ಉಣಿಸಿ, ಮಗ್ಗುಲು ಬದಲಿಸಿ ಮಲಗಿಸುವವಳಿಗೆ ಅಷ್ಟು ಕಸುವು ಎಲ್ಲಿಂದ ಬರಬೇಕು? ಮುಂಜಾನೆ ಅತ್ತೆ ಹೋದಳೆಂದು ತಿಳಿದಾಗ ಆಕೆಗೆ ಮೊದಲು ಹೊಳೆದದ್ದು, ಇವತ್ತು ಕೆಲಸಕ್ಕೆ ಹೋಗಬೇಕಾಗಿಲ್ಲ ಎಂಬುದು. ಹಾಗೆ ಹೊಳೆದದ್ದಕ್ಕೆ ನಾಚಿಕೆಯೂ ಆಗಿತ್ತು.

ಹನ್ನೊಂದರ ಸುಮಾರಿಗೆ ಕಣಗಲಾದಿಂದ ಅನ್ನಪೂರ್ಣಾ ಬಂದಳು. ತಾಯವ್ವನ ಮಗಳು, ಶೋಭಾಳ ಗಂಡ ಮಲ್ಲೇಶನ ಅಕ್ಕ. ತಾಯಿಯ ಕಾಲು ಹಿಡಿದು ದನಿ ಬೀಳುವವರೆಗೂ ಅತ್ತಳು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, "ಅವ್ವ ಎಷ್ಟ ಸೊರಗ್ಯಾಳ," ಎಂದಳು. ಆ ಮಾತು ತನಗೇ ಅಂದದ್ದು ಎಂದು ಶೋಭಾಗೆ ಅನಿಸಿತು.

ಆಮೇಲೆ ಆಕೆ ತಮ್ಮನ ಕಡೆ ತಿರುಗಿದಳು. "ಮಲ್ಲೇಶ, ನಿನ್ನಿ ಇಪ್ಪತ್ತೆಂಟಲ್ಲ? ತಿಂಗಳ ಮುಗೀತು. ಅವ್ವ ಕ್ಯಾಲೆಂಡರ ಹಾಳಿ ಬರಸಿರಬೇಕಲ್ಲ?"

"ಬರಸ್ಯಾಳ. ಸಂಜೀಕ ಶೋಭಾನ ಕಡೆ ಬರಸಾಕತ್ತಿದ್ಲು. ನಾ ಹೊರಗ ಕುಂತಿದ್ದೆ, ಪೆನ್ನಿನ ಸಪ್ಪಳಾ ಕೇಳಿತು."

"ಹಂಗಾರ ಓದಿ ಎತ್ತೂಣು. ಅಪ್ಪಗ ಅವ್ವ ಓದಿದ್ಲಲ್ಲ."

"ಖರೆ ಅದ," ಎಂದ ಖಂಡೆಪ್ಪ. "ಯಾರ ಬರದಾರೋ ಅವರ ಓದ್ಲಿ. ತಾ ಶೋಭವ್ವಾ."

ಶೋಭಾ ಬಾಗಿಲು ಬಿಟ್ಟು ಕದಲಲಿಲ್ಲ.

*

ತಾಯವ್ವ ಅಕ್ಷರ ಕಲಿತದ್ದು ಇಬ್ಬರು ಮಕ್ಕಳಾದ ಮೇಲೆ, ಓಣಿಯ ಸಾಕ್ಷರತಾ ಕ್ಲಾಸಿನಲ್ಲಿ. ಕಲಿತದ್ದು ಮರೆತು ಹೋಗಬಾರದು, ತಿಂಗಳಿಗೆ ಒಂದು ಪುಟವಾದರೂ ಬರೀರಿ ಎಂದು ಕಲಿಸಿದ ಶಿಕ್ಷಕಿ ಹೇಳಿದ್ದಳು. ಉಳಿದ ಹೆಂಗಸರು ತಿಂಗಳೊಪ್ಪತ್ತಿನಲ್ಲಿ ಬಿಟ್ಟರು, ತಾಯವ್ವ ಬಿಡಲಿಲ್ಲ. ತಿಂಗಳ ಕಡೆಯ ದಿನ ಕ್ಯಾಲೆಂಡರಿನ ಹಾಳೆ ಹರಿದು, ಬೆನ್ನ ಮೇಲೆ ಆ ತಿಂಗಳು ನಡೆದದ್ದನ್ನು ಬರೆದು ಟ್ರಂಕಿನಲ್ಲಿ ಇಡುವಳು. ಹೊಸ ವರ್ಷಕ್ಕೆ ಪೇಟೆಯಲ್ಲಿ ಯಾರಾದರೂ ಕ್ಯಾಲೆಂಡರ್ ಕೊಟ್ಟರೆ ದೇವರ ಚಿತ್ರ ನೋಡುವ ಮೊದಲು ಹಾಳೆ ತಿರುವಿ ನೋಡುವಳು. ಹಿಂಬದಿಯಲ್ಲಿ ಅಚ್ಚು ಇದ್ದರೆ, "ಇದ ನಮಗ ಆಗಂಗಿಲ್ಲ," ಎಂದು ಮರಳಿ ಕೊಡುವಳು. ಅಂಗಡಿಯವರು ನಗುತ್ತಿದ್ದರು.

ಬರೆಯುತ್ತಿದ್ದದ್ದು ದೊಡ್ಡ ಸಂಗತಿಗಳೇನಲ್ಲ. ಎಮ್ಮೆ ಗಬ್ಬಾದದ್ದು, ಮಲ್ಲೇಶನ ಹಲ್ಲು ಬಿದ್ದದ್ದು, ಬಾಜೂ ಮನೆಯವರು ಕೊಟ್ಟ ಹೋಳಿಗೆಯಲ್ಲಿ ಬೆಲ್ಲ ಕಡಿಮೆಯಿದ್ದದ್ದು. ಗಂಡ ಲಕ್ಕಪ್ಪ ಸತ್ತ ದಿನ ಹೆಣ ಎತ್ತುವ ಮೊದಲು ಆ ತಿಂಗಳ ಹಾಳೆಯನ್ನು ಆತನ ಕಿವಿಯ ಹತ್ತಿರ ಕೂತು ಓದಿದಳು. "ಹೋಗೋ ಮಂದಿಗೆ ಮನಿ ಸುದ್ದಿ ಗೊತ್ತಿರಬೇಕು," ಎಂದಿದ್ದಳು. ಅಂದಿನಿಂದ ಅದು ಈ ಮನೆಯ ಪದ್ಧತಿಯಾಯಿತು.

ಹೋದ ವರ್ಷ ಸಕ್ಕರೆ ಕಾಯಿಲೆ ಕಣ್ಣು ತೆಗೆದುಕೊಂಡಿತು. ಆಮೇಲೆ ತಾಯವ್ವ ಹೇಳುವುದು, ಶೋಭಾ ಬರೆಯುವುದು. ಪಂಚಮಿಗೆ ತವರಿಗೆ ಬಂದಾಗ ಒಂದು ತಿಂಗಳು ಅನ್ನಪೂರ್ಣಾ ಬರೆದಳು. ಅಕ್ಟೋಬರಿನ ಕಡೆಯ ದಿನ ಅರ್ಧ ಬರೆಯುವಾಗ ರೀಫಿಲ್ಲು ಮುಗಿಯಿತು. ಎದ್ದು ಒಳಗೆ ಹೋಗಿ ಇನ್ನೊಂದು ಪೆನ್ನು ಹುಡುಕಿದ್ದರೆ ಮುಗಿಯುತ್ತಿತ್ತು. ಶೋಭಾ ಏಳಲಿಲ್ಲ. ರೊಟ್ಟಿ ಬಡಿದ ಬೆರಳುಗಳು ಸಂಜೆಯ ಹೊತ್ತಿಗೆ ಬಗ್ಗುತ್ತಲೇ ಇರಲಿಲ್ಲ. ಖಾಲಿ ಪೆನ್ನನ್ನೇ ಹಾಳೆಯ ಮೇಲೆ ಆಡಿಸುತ್ತ ಕೂತಳು. ಸಪ್ಪಳ ಅದೇ ಬರುತ್ತಿತ್ತು.

"ಬರದಿ?"

"ಬರದೇನ್ರಿ ಅತ್ತಿ."

"ಓದ ನೋಡೂಣು."

ಶೋಭಾ ಗಾಬರಿಯಾಗಿ, ಕೇಳಿದ್ದನ್ನು ನೆನಪಿಸಿಕೊಂಡು ಒಪ್ಪಿಸಿದಳು. ಮುಂದಿನ ತಿಂಗಳೂ ಅದೇ ಖಾಲಿ ಪೆನ್ನು. ಅದರ ಮುಂದಿನ ತಿಂಗಳೂ ಅದೇ. ಬರೀ ಗೀಚುತ್ತಿದ್ದಳು. ಓದಲು ಹೇಳುತ್ತಾಳೆಂಬ ಹೆದರಿಕೆಗೆ ಕಿವಿಗೊಟ್ಟು ಮಾತ್ರ ಕೇಳುತ್ತಿದ್ದಳು. ಒಮ್ಮೊಮ್ಮೆ ಅತ್ತೆ, "ಎಮ್ಮಿ ಸುದ್ದಿ ಬಿಟ್ಟಿ," ಎನ್ನುವಳು. "ಇಲ್ರಿ, ಕೆಳಗ ಐತ್ರಿ," ಎಂದು ಶೋಭಾ ಅದನ್ನೂ ಸೇರಿಸಿ ಹೇಳುವಳು. ಹೀಗೆ ಐದು ತಿಂಗಳು. ಬರುವ ತಿಂಗಳು ಹೊಸ ಪೆನ್ನು ತಂದು ಎಲ್ಲ ಒಟ್ಟಿಗೆ ಬರೆದುಬಿಡೋಣ ಎಂದು ಪ್ರತಿ ಸಲವೂ ಅಂದುಕೊಳ್ಳುತ್ತಿದ್ದಳು.

*

ಮಲ್ಲೇಶ ಟ್ರಂಕಿನಿಂದ ಮೇಲಿನ ಹಾಳೆ ತಂದು ಹೆಂಡತಿಯ ಕೈಗೆ ಕೊಟ್ಟ. ಆತ ಅದನ್ನು ತಿರುವಿ ನೋಡಲಿಲ್ಲ. ಶೋಭಾ ಅತ್ತೆಯ ಬಲಗಿವಿಯ ಹತ್ತಿರ ಕೂತಳು. ಮೂಲೆಯಲ್ಲಿ ಹಾಡುತ್ತ ಕೂತಿದ್ದ ಭಜನೆಯವರು ತಾಳ ನಿಲ್ಲಿಸಿದರು. ಫೆಬ್ರುವರಿಯ ಬೆನ್ನು ಬೆಳ್ಳಗಿತ್ತು. ಇಷ್ಟು ಜನರ ಮುಂದೆ ಮಾನ ಹೋಗುತ್ತದೆ ಎಂದು ಆಕೆಗೆ ಖಚಿತವಾಯಿತು. ಸೆರಗಿನಿಂದ ಮುಖದ ಬೆವರು ಒರೆಸಿಕೊಂಡಳು. ಒರೆಸಿಕೊಂಡದ್ದು ಕಣ್ಣೀರು ಎಂದು ಜನ ತಿಳಿದರು.

ಆಕೆ ಬಿಳಿ ಹಾಳೆಯನ್ನು ಮುಖದ ಹತ್ತಿರ ಹಿಡಿದು ಶುರು ಮಾಡಿದಳು.

"ಈ ತಿಂಗಳ ಬೆಕ್ಕ ನನ್ನ ಹಾಸಿಗಿ ಬುಡಕ ಮೂರ ಮರಿ ಹಾಕೈತಿ. ಯಾರಿಗೂ ಹೇಳಿಲ್ಲ. ಹೇಳಿದ್ರ ಮಲ್ಲೇಶ ಚೀಲದಾಗ ಹಾಕ್ಕೊಂಡ ಹೋಗಿ ಬಿಟ್ಟ ಬರತಾನ."

ಹಿಂದೆ ಕೂತವರು ಯಾರೋ ನಕ್ಕರು. ಮಲ್ಲೇಶ ತಲೆ ತಗ್ಗಿಸಿದ.

"ಹಸಿ ಕಡ್ಲಿ ತಂದಿದ್ರು. ನನಗ ಸುಲದ ಕೊಟ್ರು. ನಾನ ಸುಲೀತಿದ್ನಿ, ಬೆರಳಿಗಿ ಕಣ್ಣ ಬೇಕಾಗಿಲ್ಲ. ಅನ್ನಪೂರ್ಣಾ ಐತವಾರಕ್ಕೊಮ್ಮಿ ಫೋನ್ ಮಾಡತಾಳ. ಎರಡನೇ ಐತವಾರ ಮಾಡಲಿಲ್ಲ. ಮರುದಿನ ಸ್ವಾಮಾರ ಮಾಡಿದ್ಲು, ದನಿ ಒಡದಿತ್ತು. ನೆಗಡಿ ಅಂದ್ಲು. ನೆಗಡಿ ಅಲ್ಲ, ಅತ್ತಾಳ. ನಾ ಕೇಳಲಿಲ್ಲ. ಕೇಳಿದ್ರ ಮತ್ತ ಅಳತಾಳ."

ಅನ್ನಪೂರ್ಣಾ ತಲೆ ಎತ್ತಿದಳು.

"ಶೋಭಾ ಕೈ ಸುಟ್ಟಕೊಂಡಾಳ. ನನಗ ಹೇಳಿಲ್ಲ. ಉಣಸುವಾಗ ಮುಲಾಮಿನ ವಾಸನಿ ಬಂತು. ಎಡಗೈಲೆ ತುತ್ತ ಕೊಟ್ಲು. ನಾ ಎರಡ ತುತ್ತ ಕಮ್ಮಿ ಉಂಡ್ನಿ, ಆಕಿ ಲಗೂನ ಮಲಗಲಿ ಅಂತ."

ಈ ಕೊನೆಯ ಮಾತುಗಳನ್ನು ನಿನ್ನೆ ಕೇಳಿದಾಗ ಶೋಭಾಗೆ ಏನೂ ಅನಿಸಿರಲಿಲ್ಲ, ನಿದ್ದೆ ಎಳೆಯುತ್ತಿತ್ತು. ಇಂದು ಅವನ್ನು ತನ್ನ ಬಾಯಿಂದಲೇ ಆಡಿದ ಮೇಲೆ ಸುಟ್ಟ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ಇಷ್ಟ," ಎಂದು ನಿಲ್ಲಿಸಿದಳು.

"ತಾ ಇಲ್ಲೆ," ಎಂದು ಅನ್ನಪೂರ್ಣಾ ಕೈಚಾಚಿದಳು. ಕೊಡದೆ ಇರುವಂತಿರಲಿಲ್ಲ. ಆಕೆ ಹಾಳೆ ನೋಡಿದಳು, ತಿರುವಿ ನೋಡಿದಳು, ಮತ್ತೆ ತಿರುವಿದಳು. ಶೋಭಾಳ ಮುಖ ನೋಡಿದಳು. ಅದನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಹೊತ್ತಾತು, ಏಳ್ರಿ," ಎಂದ ಖಂಡೆಪ್ಪ.

ಕುಣಿಯ ತನಕ ಹೆಂಗಸರೂ ಹೋದರು. ತಾಯವ್ವನನ್ನು ಇಳಿಸಿ ಕೂಡಿಸಿದರು. ಅಯ್ಯನವರು ಮಂತ್ರ ಹೇಳಿ ಬಿಲ್ವಪತ್ರಿ ಹಾಕಿದರು. ಎಲ್ಲರೂ ಹಿಡಿ ಮಣ್ಣು ಹಾಕಿದರು. ಶೋಭಾ ಮಣ್ಣು ಹಾಕುವಾಗಲೂ ಕಣ್ಣಂಚಿನಲ್ಲಿ ನಾದಿನಿಯನ್ನೇ ನೋಡುತ್ತಿದ್ದಳು. ಈಗ ಅಂದಾಳು, ದಾರಿಯಲ್ಲಿ ಅಂದಾಳು, ಮನೆಯಲ್ಲಿ ಎಲ್ಲರ ಮುಂದೆ ಅಂದಾಳು. ಅನ್ನಪೂರ್ಣಾ ಅನ್ನಲಿಲ್ಲ.

ಸಂಜೆ ನೆಂಟರು ಬಸ್ಸು ಹಿಡಿದು ಹೋದರು. ತಾಯವ್ವನನ್ನು ಕೂಡಿಸಿದ್ದ ಜಾಗದಲ್ಲಿ ದೀಪ ಇಟ್ಟಿತ್ತು. ಗೂಟದಲ್ಲಿ ಬಟ್ಟೆ ಇನ್ನೂ ಜೋತಾಡುತ್ತಿತ್ತು. ಅನ್ನಪೂರ್ಣಾ ಗೋಡೆಗೆ ಒರಗಿ ಕೂತು ಹಾಳೆ ಬಿಡಿಸಿದಳು.

"ಎಷ್ಟ ತಿಂಗಳಾತು ಹಿಂಗ?"

"ಐದ ತಿಂಗಳ, ಅಕ್ಕಾರ."

"ಕುರುಡ ಮುದುಕಿಗೆ ಮೋಸ ಮಾಡಿದಿ."

"ಹೌದ್ರಿ," ಎಂದಳು ಶೋಭಾ. ಸಮಜಾಯಿಷಿ ಕೊಡಲು ಆಕೆಗೆ ತ್ರಾಣವಿರಲಿಲ್ಲ.

ಅನ್ನಪೂರ್ಣಾ ಹಾಳೆಯ ಮಡಿಕೆಗಳನ್ನು ಕೈಯಿಂದ ಸವರಿ ನೆಲದ ಮೇಲಿಟ್ಟಳು. "ಮೊದಲ ನೀನ ಕಟ್ಟಿ ಹೇಳಿದಿ ಅನಕೊಂಡ್ನಿ. ಆದ್ರ ಆ ಐತವಾರ ನಾ ಅತ್ತಿದ್ದ ನನ್ನ ಗಂಡಗೂ ಗೊತ್ತಿಲ್ಲ. ಅವ್ವನ ಹೇಳಿರಬೇಕು. ಎಲ್ಲಾ ಹೆಂಗ ನೆನಪ ಉಳೀತು ನಿನಗ?"

"ಬರಸಿದ ಮ್ಯಾಲ ಓದಸ್ತಿದ್ರಲ್ರಿ. ಅದಕ್ಕ ಬಾಯಿಪಾಠ ಮಾಡತಿದ್ನಿ."

"ಓದಸ್ತಿದ್ಲು? ಪಂಚಮಿಗೆ ನಾ ಬರದಾಗ ಅವ್ವ ಓದಸಲಿಲ್ಲ. ಬರದಿ ಅಂದ್ರ ಇಟ್ಟ ಬಿಡ ಅಂದ್ಲು."

ಶೋಭಾ ನೆನಪಿಸಿಕೊಂಡಳು. ಪೆನ್ನಿನಲ್ಲಿ ಶಾಯಿ ಇದ್ದಾಗ ಅತ್ತೆ ತನ್ನಿಂದಲೂ ಒಮ್ಮೆಯೂ ಓದಿಸಿರಲಿಲ್ಲ. ಓದಿಸಿದ್ದು ಆ ಐದು ತಿಂಗಳು ಮಾತ್ರ. ತನಗೆ ಅದೇ ಎನಿಸಿದ್ದ ಸಪ್ಪಳ ಅತ್ತೆಯ ಕಿವಿಗೆ ಬೇರೆಯಾಗಿ ಕೇಳಿರಬೇಕು. ಬಿಟ್ಟದ್ದನ್ನು ಎತ್ತಿ ತೋರಿಸಿ, ಮತ್ತೊಮ್ಮೆ ಹೇಳಿಸಿ, ಪಾಠ ಒಪ್ಪಿಸಿಕೊಳ್ಳುವವಳ ಹಾಗೆ ಓದಿಸಿದ್ದಳು. ಮುಂಜಾನೆಯಿಂದ ಬಾರದ ಅಳು ಆಗ ಬಂತು. ಅನ್ನಪೂರ್ಣಾ ತಡೆಯಲಿಲ್ಲ, ಸಂತೈಸಲೂ ಇಲ್ಲ. ಆಕೆಯ ಕಣ್ಣುಗಳೂ ಒದ್ದೆಯಾಗಿದ್ದವು.

ಅಳು ತಗ್ಗಿದ ಮೇಲೆ ಆಕೆ ತನ್ನ ಚೀಲದಿಂದ ಪೆನ್ನು ತೆಗೆದು ಹಾಳೆಯ ಮೇಲಿಟ್ಟಳು. "ಇದರಾಗ ಶಾಯಿ ಐತಿ. ಬೆಕ್ಕಿನ ಮರಿಯಿಂದ ಸುರು ಮಾಡು. ಉಳದ ನಾಕ ತಿಂಗಳಿಂದೂ ಆಗಬೇಕು, ಮೂರನೇ ದಿನದ ತನಕಾ ನಾ ಇಲ್ಲೇ ಇರತೇನಿ."

ಶೋಭಾ ದೀಪದ ಹತ್ತಿರ ಸರಿದು ಹಾಳೆಯನ್ನು ತೊಡೆಯ ಮೇಲೆ ಹರವಿಕೊಂಡಳು. ವಾರೆ ಬೆಳಕಿನಲ್ಲಿ ನಿನ್ನೆಯ ಖಾಲಿ ಪೆನ್ನಿನ ಗೀರುಗಳೆಲ್ಲ ಎದ್ದು ಕಂಡವು. ಬೆರಳು ಸರಿಯಾಗಿ ಬಗ್ಗುತ್ತಿರಲಿಲ್ಲ. ಅನ್ನಪೂರ್ಣಾ ಕಣ್ಣು ಮುಚ್ಚಿ ಸಪ್ಪಳ ಕೇಳುತ್ತಿದ್ದಳು. ಪೆನ್ನು ಹಳೆಯ ಗೀರಿಗೆ ಸಿಕ್ಕಿ ಒಮ್ಮೆ ತಡವರಿಸುತ್ತಿತ್ತು, ಆಮೇಲೆ ದಾಟಿ ಮುಂದೆ ಹೋಗುತ್ತಿತ್ತು. ದಾಟಿದ ಕಡೆಯಲ್ಲೆಲ್ಲ ನೀಲಿ ಅಕ್ಷರದ ನಡುವೆ ಶಾಯಿ ಹತ್ತದ ಒಂದು ಬಿಳಿ ಎಳೆ ಉಳಿಯುತ್ತಿತ್ತು.