ಟಬ್ಬಿನ ನೀರು, ಸೊಳ್ಳೆಯ ಹೊಟ್ಟೆ

“ನೀವು ಅಂಗಡಿ ಇಟ್ಟಿರೋದು ಪಂಕ್ಚರ್ ಹಾಕೋಕೋ, ಸೊಳ್ಳೆ ಸಾಕೋಕೋ? ಇವತ್ತು ಈ ನೀರು ಚೆಲ್ಲಲೇಬೇಕು!”

ಪಂಕ್ಚರ್ ಅಂಗಡಿಯವನ ಹೆಂಡತಿ ಎರಡೂ ಕೈ ಸೊಂಟಕ್ಕಿಟ್ಟು ಟಬ್ಬಿನ ಮುಂದೆ ನಿಂತಿದ್ದಳು. ಟ್ಯೂಬು ಮುಳುಗಿಸಿ ಗುಳ್ಳೆ ನೋಡುವ ಟಬ್ಬು ಅದು. ಹಳೇ ನೀರಿನಲ್ಲೇ ಗುಳ್ಳೆ ಚೆನ್ನಾಗಿ ಕಾಣುತ್ತದೆ ಎಂಬುದು ಗಂಡನ ಹಟ. ಕಡಿಮೆಯಾದಷ್ಟು ಮೇಲೆ ಸುರಿಯುತ್ತಿದ್ದನೇ ಹೊರತು ತಿಂಗಳಾದರೂ ಬದಲಿಸುತ್ತಿರಲಿಲ್ಲ.

“ಮುಟ್ಟಿದ್ರೆ ನೋಡು!” ಎಂದ ಗಂಡ.

ಹೋದ ವರ್ಷ ಮಗಳು ಡೆಂಗಿಯಿಂದ ಎಂಟು ದಿನ ಆಸ್ಪತ್ರೆಯಲ್ಲಿದ್ದಳು. ಇನ್ನೊಮ್ಮೆ ಬಂದರೆ ಮೊದಲಿಗಿಂತ ಜೋರಾಗಬಹುದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಆ ಮಾತು ತಾಯಿಯ ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

ಬೆಂಚಿನ ಮೇಲೆ ಪೇಪರ್ ಭಾವ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಗಂಡನ ಅಕ್ಕನ ಗಂಡ. ದಿನಾ ಬೆಳಿಗ್ಗೆ ಇಲ್ಲೇ ಬಂದು ಪೇಪರ್ ಓದುವುದರಿಂದ ಆ ಹೆಸರು.

“ಸುಮ್ನೆ ಕೂಗಾಡಬೇಡಮ್ಮ. ಪೇಪರಲ್ಲೇ ಬಂದಿದೆ. ಸೊಳ್ಳೆ ಹೊಟ್ಟೇಲಿರೋ ಬ್ಯಾಕ್ಟೀರಿಯಾ ಡೆಂಗಿ ವೈರಸ್ಸನ್ನ ತಡೀತವಂತೆ. ಅವು ಬರೋದು ನೀರಿಂದ. ನೀರು ಹಳೇದಾದಷ್ಟೂ ಒಳ್ಳೇದು!”

“ಭಾವ ಓದ್ಕೊಂಡೋರು ಕಣೇ,” ಎಂದ ಗಂಡ.

“ಅರ್ಧ ಓದ್ಕೊಂಡೋರು!”

ಅಷ್ಟರಲ್ಲಿ ಮನೆಮನೆಯ ನೀರು ನೋಡುತ್ತಿದ್ದ ಆರೋಗ್ಯ ಕೇಂದ್ರದ ಸಿಸ್ಟರ್ ಈ ಮಾತು ಕೇಳಿಸಿಕೊಳ್ಳುತ್ತಲೇ ಬಂದರು. ಟಬ್ಬಿಗೆ ಟಾರ್ಚ್ ಬಿಟ್ಟರು. ಸೊಳ್ಳೆಮರಿಗಳು ತಲೆಕೆಳಗಾಗಿ ವಿಲವಿಲ ಒದ್ದಾಡುತ್ತಿದ್ದವು.

“ಪೇಪರಿನವರು ಬರೆದದ್ದು ಸುಳ್ಳಲ್ಲ,” ಎಂದರು ಸಿಸ್ಟರ್. ಭಾವನ ಎದೆ ಉಬ್ಬಿತು. “ಮರಿ ಇರೋ ನೀರಿಂದ ಬ್ಯಾಕ್ಟೀರಿಯಾ ಅದರ ಹೊಟ್ಟೆ ಸೇರ್ತವೆ. ರೆಕ್ಕೆ ಬಂದ ಮೇಲೂ ಕೆಲವು ಉಳೀತವೆ. ಅದರಲ್ಲಿ ಕೆಲವು ವೈರಸ್ಸಿಗೆ ಅಡ್ಡ ನಿಲ್ತವೆ. ಇನ್ನು ಕೆಲವು ‘ಬಾ ಮಾರಾಯ’ ಅಂತ ಬಾಗಿಲು ತೆಗೀತವೆ. ಅಂಥ ಸೊಳ್ಳೇಲಿ ವೈರಸ್ಸು ಇನ್ನೂ ಸುಲಭವಾಗಿ ಬೆಳೆಯುತ್ತೆ. ಅದು ಕಚ್ಚಿದ್ರೆ ರೋಗ ಹರಡುತ್ತೆ. ನಿಮ್ಮ ಟಬ್ಬಲ್ಲಿ ಯಾವ ಜಾತಿ ಬ್ಯಾಕ್ಟೀರಿಯಾ ಇದೆ?”

“ನೋಡಿದ್ರೆ ಗೊತ್ತಾಗಲ್ವಾ? ನಾನು ಗಾಳಿ ಸದ್ದು ಕೇಳೇ ತೂತು ಹೇಳ್ತೀನಿ,” ಎಂದ ಗಂಡ.

“ಕಣ್ಣಿಗೆ ಕಾಣೋದಲ್ಲ. ವಿಜ್ಞಾನಿಗಳೇ ಒಂದೊಂದನ್ನೂ ಬೇರೆ ಮಾಡಿ ವರ್ಷಗಟ್ಟಲೆ ಪರೀಕ್ಷೆ ಮಾಡ್ತಿದಾರೆ. ತೂತು ಎಲ್ಲಿದೆ ಅಂತ ನೋಡದೆ ನೀವು ಪ್ಯಾಚ್ ಅಂಟಿಸ್ತೀರಾ?”

“ಛೇ, ಎಲ್ಲಾದರೂ ಉಂಟಾ!”

“ಟ್ಯೂಬಿಗಿರೋ ಬೆಲೆ ಮಗಳಿಗಿಲ್ವಾ ಹಾಗಾದ್ರೆ?” ಎಂದಳು ಹೆಂಡತಿ. ಈ ಸಲ ಕೂಗಲಿಲ್ಲ.

ಗಂಡ ಕೈಲಿದ್ದ ಟ್ಯೂಬನ್ನು ಪಕ್ಕಕ್ಕಿಟ್ಟ. ಆಮೇಲೆ ಬಗ್ಗಿ ಅಂಚು ಹಿಡಿದ. “ಆ ಕಡೆ ಹಿಡಿ.”

“ಚರಂಡಿಗೆ ಬೇಡ, ಅಲ್ಲೂ ಮರಿ ಬದುಕ್ತವೆ. ಒಣ ನೆಲಕ್ಕೆ ಚೆಲ್ಲಿ,” ಎಂದರು ಸಿಸ್ಟರ್. “ಒಳಗೋಡೆ ಗಸಗಸ ಉಜ್ಜಿ. ಮೊಟ್ಟೆ ಅಲ್ಲೇ ಅಂಟ್ಕೊಂಡಿರ್ತವೆ.”

ಉಜ್ಜಿ, ಹೊಸ ನೀರು ತುಂಬಿ, ಟ್ಯೂಬು ಮುಳುಗಿಸಿದರು. ಗುಳ್ಳೆ ಬುಳುಬುಳು ಎದ್ದಿತು.

“ಕಾಣ್ತಿದ್ಯಾ ಯಜಮಾನ್ರೇ?” ಎಂದಳು ಹೆಂಡತಿ.

“ಹೂಂ, ಮೊದಲಿಗಿಂತ ಚೆನ್ನಾಗೇ ಕಾಣ್ತಿದೆ,” ಎಂದು ಗೊಣಗಿದ. ಅಂಗಡಿ ಹಿಂದಿನ ಬಯಲಲ್ಲಿ ಬಿದ್ದಿದ್ದ ಟೈರುಗಳ ನೀರನ್ನು ತಾನೇ ಬಸಿದು, ಸೂರಿನ ಕೆಳಗೆ ಜೋಡಿಸಿದ.

ಸಿಸ್ಟರ್ ಬೆಂಚಿನ ಕಡೆ ತಿರುಗಿದರು. “ಈಗ ನಿಮ್ಮನೇನೂ ನೋಡ್ಕೊಂಡೇ ಬಂದೆ. ಮಾಳಿಗೆ ಮೇಲೆ ಮುಚ್ಚಳ ಇಲ್ಲದ ನೀರಿನ ಡ್ರಮ್ಮಿದೆಯಲ್ಲ?”

ಭಾವ ಪೇಪರ್ ಮಡಚಿ ಕಂಕುಳಲ್ಲಿಟ್ಟುಕೊಂಡ. “ಓದಿದವನಿಗೆ ಮರ್ಯಾದೆ ಇಲ್ಲದ ಕಡೆ ನನಗೇನು ಕೆಲಸ?” ಎಂದು ದಾಪುಗಾಲು ಹಾಕಿ ನಡೆದುಬಿಟ್ಟ. ಮರುದಿನ ಬರಲಿಲ್ಲ. ವಾರ ಕಳೆದರೂ ಬರಲಿಲ್ಲ.

ಬಾರದಿದ್ದರೆ ಬಿಡಲಿ. ಆ ಡ್ರಮ್ಮಿನ ಸೊಳ್ಳೆಗೆ ಯಾರ ಮುನಿಸೂ ತಿಳಿಯದು. ಗಂಡ ಹೆಂಡತಿ ಬ್ರಷ್ಷು, ಮುಚ್ಚಳ ಹಿಡಿದು ತಾವೇ ಅವನ ಮಾಳಿಗೆ ಹತ್ತಿದರು.

ಓದುತ್ತಿರುವ ಅಕ್ಕ, ಅಣ್ಣ, ನಿಮಗೂ ಹೇಳುವುದು ಇಷ್ಟೇ. ಸೊಳ್ಳೆಯ ಹೊಟ್ಟೆಯ ಚಿಂತೆ ವಿಜ್ಞಾನಿಗಳಿಗಿರಲಿ. ನಿಮ್ಮ ಟಬ್ಬು, ಡ್ರಮ್ಮು, ಟೈರು ನೀವು ನೋಡಿಕೊಳ್ಳಿ. ವಾರಕ್ಕೊಮ್ಮೆ ನೀರು ಚೆಲ್ಲಿ, ಉಜ್ಜಿ, ಮುಚ್ಚಿಡಿ. ಜ್ವರ ಬಂದರೆ ಮನೆಯಲ್ಲೇ ಮಲಗದೆ ಆಸ್ಪತ್ರೆಗೆ ಹೋಗಿ. ನಾಳೆ ಅನ್ನಬೇಡಿ. ಈ ಹಾಳೆ ಕೆಳಗಿಟ್ಟು ಈಗಲೇ ಏಳಿ.