ಟವಲು ಹೊದೆಯದ ದೊಡ್ಡಮ್ಮ

ಉಡುಪು ಬದಲಿಸುವ ಕೋಣೆಯಿಂದ ಈಜುಕೊಳದವರೆಗೆ ಆಕೆ ನಡೆದುಬರುವುದನ್ನು ನೋಡಬೇಕು: ಭಾರವಾದ ತೊಡೆ, ತುಂಬಿದ ತೋಳು, ಮುಂದೆ ಬಂದ ಹೊಟ್ಟೆ, ಯಾವುದಕ್ಕೂ ಟವಲಿನ ಮರೆಯಿಲ್ಲದೆ, ಅವಸರವಿಲ್ಲದೆ, ತನ್ನ ಮನೆಯ ಹಜಾರದಲ್ಲಿ ಅಡ್ಡಾಡುವವಳ ಗಾಂಭೀರ್ಯದಲ್ಲಿ. ಹದಿಹರೆಯದ ಹುಡುಗಿಯರಿಗೆ ಈಜು ಕಲಿಸುವುದು ಆಕೆಯ ಕಸುಬು. ಮಾತಿನ ಕೊನೆಗೆಲ್ಲ ‘ಆಯ್ತಾ ರಾಣಿ?’ ಎನ್ನುವುದು ರೂಢಿ. ಯಾವ ಹುಡುಗಿಯಾದರೂ ಕನ್ನಡಿಯ ಮುಂದೆ ನಿಂತು ತನ್ನ ಸೊಂಟವನ್ನೋ ಬಣ್ಣವನ್ನೋ ಹಳಿದುಕೊಂಡರೆ, “ಮೈ ಹೇಗಿದೆ ಅಂತ ಯಾರು ಕೇಳಿದ್ರು? ಇವತ್ತು ಅದು ಏನು ಮಾಡ್ತು, ಅದು ಹೇಳು” ಎಂದು ತಡೆಯುತ್ತಿದ್ದಳು.

ಒಂದು ಬೇಸಿಗೆಯಲ್ಲಿ ತಂಗಿಯ ಮಗಳೇ ಕಲಿಯಲು ಬಂದಳು. ಬಂದವಳು ಈಜುಡುಗೆಯ ಮೇಲೆ ತುಂಬುತೋಳಿನ ಅಂಗಿ ತೊಟ್ಟು ಬೆಂಚು ಬಿಟ್ಟೇಳಲಿಲ್ಲ. ಇಂದು ತಲೆನೋವು, ನಾಳೆ ನೆಗಡಿ. ದೊಡ್ಡಮ್ಮ ಒತ್ತಾಯಿಸಲಿಲ್ಲ. ಒಂದು ಸಂಜೆ ಉಳಿದವರೆಲ್ಲ ಹೋದಮೇಲೆ ಪಕ್ಕದಲ್ಲಿ ಕುಳಿತು ಕಾರಣ ಕೇಳಿದಳು.

“ನಿಮಗೇನು ದೊಡ್ಡಮ್ಮ, ನಾಚಿಕೆನೇ ಇಲ್ಲ. ನನ್ನ ನೋಡಿ ಎಲ್ಲರೂ ನಗ್ತಾರೆ.”

ಆಕೆ ನಕ್ಕಳು, ಆಮೇಲೆ ಕೊಳದಾಚೆಯ ಎತ್ತರದ ಹಾರುಹಲಗೆಯತ್ತ ಕೈ ತೋರಿದಳು.

“ನಿನ್ನ ವಯಸ್ಸಲ್ಲಿ ಅಲ್ಲಿಂದ ಹಾರ್ತಿದ್ದೆ ಕಣೇ. ಒಂದಿನ ಮೆಟ್ಟಿಲು ಹತ್ತುವಾಗ ಕೆಳಗೆ ಯಾರೋ ನಕ್ಕರು. ಇಳಿದುಬಿಟ್ಟೆ. ಮತ್ತೆ ನೀರಿಗೆ ಬಂದಿದ್ದು ಮಕ್ಕಳಾದ ಮೇಲೆ. ಅಷ್ಟರಲ್ಲಿ ಮಂಡಿ ಕೈಕೊಟ್ಟಿತ್ತು.”

“ನಿಮ್ಮನ್ನ ನೋಡೇ ನಕ್ಕಿದ್ದಾ?”

“ಅದೇ ಗೊತ್ತಿಲ್ಲ. ನಾನು ತಿರುಗಿ ನೋಡಲೇ ಇಲ್ಲ.”

ಹುಡುಗಿ ಮರುದಿನ ಅಂಗಿಯ ಸಮೇತ ನೀರಿಗಿಳಿದಳು. ಕೆಲವು ದಿನಗಳ ಮೇಲೆ, ಉಬ್ಬಿಕೊಂಡ ಆ ಅಂಗಿ ಕೈಕಾಲಿಗೆ ತೊಡರತೊಡಗಿದಾಗ ತಾನಾಗಿಯೇ ಅದನ್ನು ಕಳಚಿ ದಡಕ್ಕೆಸೆದು, ಆಚೆ ತುದಿ ಮುಟ್ಟಿ, ಏದುಸಿರು ಬಿಡುತ್ತ ಸುತ್ತ ನೋಡಿದಳು. ಒಬ್ಬರೂ ಇತ್ತ ತಿರುಗಿರಲಿಲ್ಲ; ಅದಕ್ಕವಳಿಗೆ ಒಂದಿಷ್ಟು ಬೇಸರವೂ ಆಯಿತು.

“ಏನು ಮಾಡ್ತು ಮೈ?” ಎಂದಳು ದೊಡ್ಡಮ್ಮ.

“ದಾಟ್ತು.”

ಆಕೆ ತಲೆಯಾಡಿಸಿದಳು. ಕಣ್ಣು ಮಾತ್ರ ಆ ಹಾರುಹಲಗೆಯ ಮೇಲಿತ್ತು.

ಇಂಥವರ ನಿಸ್ಸಂಕೋಚವನ್ನು ನಾವು ಹುಟ್ಟುಗುಣವೆಂದು ತಿಳಿದು ಸುಲಭವಾಗಿ ಮೆಚ್ಚಿಬಿಡುತ್ತೇವೆ. ಅದು ಎಷ್ಟು ತಡವಾಗಿ ಅವರ ಕೈಸೇರಿತೆಂಬುದು ನಮಗೆ ಕಾಣುವುದಿಲ್ಲ. ಪರರ ಮಕ್ಕಳಿಗೆ ಅದನ್ನು ಹೊತ್ತಿಗೆ ಸರಿಯಾಗಿ ಕೊಟ್ಟು, ತಮ್ಮ ಎಳೆವಯಸ್ಸಿಗೆ ಕೊಡಲಾಗದೆ, ಅವರು ಒಂದು ಕಾಲಕ್ಕೆ ತಾವೇ ಆಗಿದ್ದ ಆ ಹುಡುಗಿಯನ್ನು ಒಳಗೊಳಗೇ ಇನ್ನೂ ನೀರಿಗೆ ಕರೆಯುತ್ತಲೇ ಇರುತ್ತಾರೆ.