ಗುಂಡಿ

ರಿಪೇರಿ ಅಂಗಡಿಯಲ್ಲಿ ಟ್ಯಾಬ್ಲೆಟ್ಟಿನ ಬೆನ್ನು ಬಿಚ್ಚಿ ಮೇಜಿನ ಮೇಲೆ ಬೋರಲು ಹಾಕಿದ್ದಾಗ ಅವನಿಗೆ ಭಾವನ ಫೋನು ಬಂತು. ಅಕ್ಕ ಹೋದಳು ಎಂದು ಭಾವ ಹೇಳಿದ. ಬೆಳಿಗ್ಗೆ, ಮಲಗಿದ್ದಲ್ಲೇ. ಅವನು ಸರಿ ಎಂದ. ಹೊರಟೆ ಎಂದ. ಫೋನನ್ನು ಜೇಬಿಗೆ ಹಾಕಿಕೊಂಡು ಮತ್ತೆ ಅದೇ ಸ್ಟೂಲಿನ ಮೇಲೆ ಕುಳಿತ.

ಹೊರಡಬೇಕಾಗಿತ್ತು. ಆದರೆ ಅಕ್ಕನ ಟ್ಯಾಬ್ಲೆಟ್ಟು ತೆರೆದುಕೊಂಡು ಬಿದ್ದಿತ್ತು. ಅದನ್ನು ಹಾಗೆ ಬಿಟ್ಟು ಹೋಗುವುದು ಸರಿಯಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಸರಿಯಲ್ಲ ಎನ್ನುವುದಕ್ಕಿಂತ, ಕುಳಿತಿರಲು ಅದೊಂದು ನೆಪವಾಯಿತು ಎನ್ನುವುದೇ ನಿಜ.

"ಮನೆಯಿಂದಲಾ ಸಾರ್?" ರಿಪೇರಿಯವನು ತಲೆ ಎತ್ತದೆ ಕೇಳಿದ.

"ಹೂಂ. ಸುಮ್ಮನೆ."

ಮಹಡಿ ಮೆಟ್ಟಿಲ ಕೆಳಗಿನ ಇಕ್ಕಟ್ಟನ್ನೇ ಅಂಗಡಿ ಮಾಡಿಕೊಂಡಿದ್ದ ಆ ಮನುಷ್ಯನನ್ನು ಬೀದಿಯವರೆಲ್ಲ ಚಿಮಟ ಎಂದೇ ಕರೆಯುತ್ತಿದ್ದರು. ಕೈಯಲ್ಲಿ ಸದಾ ಒಂದು ಚಿಮಟ. ಸ್ಕ್ರೂ ಎತ್ತುವುದೂ ಅದರಲ್ಲೇ, ಕಿವಿ ಕೆರೆದುಕೊಳ್ಳುವುದೂ ಅದರಲ್ಲೇ. ಹಿಂದಿನ ಹಲಗೆಯ ಮೇಲೆ ಒಡೆದ ಗಾಜುಗಳು, ಹೊಟ್ಟೆ ಉಬ್ಬಿದ ಬ್ಯಾಟರಿಗಳು, ಯಾರೂ ಬಿಡಿಸಿಕೊಂಡು ಹೋಗದ ಫೋನುಗಳು ಧೂಳು ಹಿಡಿದು ಕುಳಿತಿದ್ದವು.

"ಒಳಗೆ ಏನೂ ಇಲ್ಲ ಸಾರ್ ಇದರಲ್ಲಿ," ಚಿಮಟ ಇಣುಕಿ ನೋಡಿ ನಕ್ಕ. "ಒಂದು ಬ್ಯಾಟರಿ, ಅಂಗೈಯಷ್ಟು ಬೋರ್ಡು. ಮಿಕ್ಕಿದ್ದೆಲ್ಲ ಗೋಂದು. ಯಾರಿಗೆ ಕೊಡಿಸಿದ್ರಿ?"

"ನಮ್ಮ ಅಕ್ಕನಿಗೆ."

"ಚಿಕ್ಕ ಮಕ್ಕಳಿಗೆ, ವಯಸ್ಸಾದವರಿಗೆ ಎಲ್ಲರೂ ಇಂಥದ್ದೇ ಕೊಡಿಸೋದು. ಅವರು ಕೇಳಲ್ವಲ್ಲ."

ಅಕ್ಕ ಕೇಳುವಂತೆಯೂ ಇರಲಿಲ್ಲ. ಗಂಟಲಿನ ಶಸ್ತ್ರಚಿಕಿತ್ಸೆಯಲ್ಲಿ ಕಾಯಿಲೆಯ ಜೊತೆಗೆ ಅವಳ ಮಾತನ್ನೂ ತೆಗೆದುಹಾಕಿದ್ದರು. ಭಾವ ದರ್ಜಿ, ಅಳತೆ ಪಟ್ಟಿಯ ಮೇಲಿನ ಅಂಕಿ ಬಿಟ್ಟರೆ ಬೇರೆ ಓದಲು ಬಾರದವನು. ಕಾಗದದ ಮೇಲೆ ಅಕ್ಕ ಬರೆದು ತೋರಿಸಿದರೆ ಅದನ್ನು ಗೌರವದಿಂದ ಮಡಿಸಿ ಜೇಬಿಗೆ ಇಟ್ಟುಕೊಳ್ಳುತ್ತಿದ್ದ. ಇದನ್ನೆಲ್ಲ ನೋಡಿ ತಮ್ಮನಾದ ಅವನೇ ಒಂದು ದಿನ ಅಂಗಡಿಗೆ ಹೋಗಿ, ಇದ್ದುದರಲ್ಲಿ ಅಗ್ಗದ ಟ್ಯಾಬ್ಲೆಟ್ಟು ತಂದ. ಕನ್ನಡದ ಕೀಲಿಮಣೆ ಹಾಕಿದ. ಅಕ್ಕ ಗಲಿಬಿಲಿಗೊಳ್ಳಬಾರದೆಂದು ಪರದೆ ಅಡ್ಡಕ್ಕೆ ತಿರುಗದಂತೆ ಬಿಗಿಮಾಡಿಟ್ಟ. ಅಕ್ಕನಿಗೊಂದು ಬಾಯಿ ಕೊಡಿಸಿದೆ ಎಂದು ಕಚೇರಿಯಲ್ಲಿ ಹೇಳಿಕೊಂಡ. ಎಲ್ಲರೂ ಒಳ್ಳೆಯ ಕೆಲಸ ಎಂದರು. ಅದಾದಮೇಲೆ ಅಕ್ಕನ ಮನೆಗೆ ಹೋಗುವುದು ಅವನಿಗೆ ತಪ್ಪಿತು.

ಅವನಿಗೆ ಪಠ್ಯಪುಸ್ತಕದ ಕಚೇರಿಯಲ್ಲಿ ಕರಡು ತಿದ್ದುವ ಕೆಲಸ. ಸಹೋದ್ಯೋಗಿಗಳು ಬೆನ್ನ ಹಿಂದೆ ಒತ್ತಕ್ಷರ ಎನ್ನುತ್ತಾರೆಂಬುದು ಅವನಿಗೆ ಗೊತ್ತಿತ್ತು. ಅದು ಅವನಿಗೆ ಒಳಗೊಳಗೇ ಹಿತವಾಗಿಯೂ ಇತ್ತು. ಅಕ್ಕನ ಮೊದಮೊದಲ ಸಂದೇಶಗಳನ್ನು ಅವನು ಕರಡಿನಂತೆಯೇ ಓದಿದ. "ಹಾಲು ◌ಂದಿಲ್ಲ." "ಇವರಿಗೆ ◌ೆನ್ನು ನೋವು." ಹಲ್ಲು ಉದುರಿದ ಮಾತುಗಳು. ಅಕ್ಷರವಿರಬೇಕಾದಲ್ಲಿ ಚುಕ್ಕಿಗಳ ಒಂದು ಖಾಲಿ ಬಳೆ. ಚಿಕ್ಕಂದಿನಲ್ಲಿ ಅವನ ಬೆರಳು ಹಿಡಿದು ಕಾಗುಣಿತ ತಿದ್ದಿಸಿದವಳೇ ಅಕ್ಕ. ಅವನು ಬರೆದ: ಅಕ್ಕ, ನನಗೆ ಕಲಿಸಿದವಳು ನೀನು, ಹೀಗೆ ಬರೆದರೆ ಹೇಗೆ, ನೋಡಿ ಬರಿ.

ಅಕ್ಕ ಬರೆದಳು: "ಒಂದಕ್ಷರ ಕೈಗೆ ಸಿಗುತ್ತಿಲ್ಲ ಕಣೋ."

ಅವನು ಬರೆದ: "ಹುಡುಕು, ಸಿಗುತ್ತೆ."

ಆಮೇಲೆ ತಪ್ಪುಗಳು ನಿಂತವು. ಅಕ್ಕ ಕಲಿತಳು ಎಂದು ಅವನು ತೃಪ್ತಿಪಟ್ಟ. ಬರಹ ಮಾತ್ರ ಏಕೋ ಬಿಗಿಯಾಯಿತು. ಏನಾದರೂ ಬೇಕಾ ಎಂದು ಕೇಳಿದರೆ "ಎಲ್ಲ ಇದೆ" ಎನ್ನುತ್ತಿದ್ದಳು. ಹೇಗಿದ್ದೀಯ ಎಂದರೆ "ಇದ್ದೇನೆ". ಒಮ್ಮೊಮ್ಮೆ "ಇತ್ತ ಕಡೆ ಯಾವಾಗ?" ಎಂದು ಬರುತ್ತಿತ್ತು. ಅವನು "ನೋಡೋಣ" ಎಂದು ಬರೆಯುತ್ತಿದ್ದ. ಪ್ರಶ್ನೆ ಕೇಳಿದಳೇ ಹೊರತು ಕರೆಯಲಿಲ್ಲವಲ್ಲ.

ಕಾಯಿಲೆ ಮರುಕಳಿಸಿದಾಗ ಭಾವ ಫೋನು ಮಾಡಿ, ಒಂದು ಸಲ ಬಂದು ಹೋಗೋ ಎಂದಿದ್ದ. ಪರೀಕ್ಷೆಯ ಪುಸ್ತಕಗಳು ಅಚ್ಚಿಗೆ ಹೋಗುವ ಸಮಯ. ಅಕ್ಕನ ಆ ಕೊಠಡಿ, ಕೊರಳಿಗೆ ಕಟ್ಟಿದ ಬಟ್ಟೆ, ಉಸಿರಿನ ಸದ್ದು, ಏನು ಮಾತಾಡಬೇಕೆಂದು ತಿಳಿಯದೆ ಕುಳಿತುಕೊಳ್ಳುವುದು, ಎಲ್ಲವೂ ಅವನ ಕಣ್ಣ ಮುಂದೆ ಬಂದಿತ್ತು.

"ಅಕ್ಕ ಏನೂ ಬರೆದಿಲ್ವಲ್ಲ ಭಾವ," ಎಂದಿದ್ದ. "ಅವಳು ಬಾ ಅಂತ ಬರೀಲಿ. ಅವತ್ತೇ ಹೊರಡ್ತೀನಿ."

ಹೇಳ್ತೀನಿ ಎಂದು ಭಾವ ಫೋನು ಇಟ್ಟಿದ್ದ.

ಕೆಲವು ದಿನಗಳಲ್ಲೇ ಟ್ಯಾಬ್ಲೆಟ್ಟಿನ ಚಾರ್ಜಿಂಗ್ ತೂತು ಸಡಿಲವಾಗಿ ಅದು ಕಣ್ಣು ಮುಚ್ಚಿತು. ಭಾವ ಅದನ್ನು ಅರಿವೆಯಲ್ಲಿ ಸುತ್ತಿ, ನಾಲ್ಕು ಕಡೆಯೂ ಹೊಲಿಗೆ ಹಾಕಿ, ಪರಿಚಯದ ಕಂಡಕ್ಟರನ ಕೈಯಲ್ಲಿ ಕಳಿಸಿದ. ಅದು ಅವನ ಮೇಜಿನ ಡ್ರಾಯರಿನಲ್ಲಿ ಕರಡುಗಳ ಕೆಳಗೆ ಹಾಗೇ ಇತ್ತು. ನಾಳೆ ಕೊಟ್ಟರಾಯಿತು ಎಂದುಕೊಳ್ಳುತ್ತ ಎಷ್ಟೋ ನಾಳೆಗಳು ಕಳೆದವು. ಈ ದಿನ ಬೆಳಿಗ್ಗೆ ಪೆನ್ಸಿಲ್ ಹುಡುಕುವಾಗ ಕೈಗೆ ತಾಗಿತು. ತಂದ.

ಚಿಮಟ ಹೊಸ ತೂತನ್ನು ಬೆಸುಗೆ ಹಾಕಿ ಕೂರಿಸಿದ. ಊದಿದ. ವೈರು ಚುಚ್ಚಿದಾಗ ಪರದೆ ಬೆಳಗಿತು. "ಜೀವ ಬಂತು ನೋಡಿ," ಎಂದ. ಅವನು ನಗಬೇಕೋ ಏನು ಮಾಡಬೇಕೋ ತಿಳಿಯದೆ ತಲೆಯಾಡಿಸಿದ.

"ಟಚ್ಚೂ ಒಂದು ನೋಡ್ಬಿಡೋಣ," ಎಂದು ಚಿಮಟ ಚಿತ್ರ ಬರೆಯುವ ಬಿಳಿ ಹಾಳೆ ತೆರೆದು, ಬೆರಳಿನಿಂದ ಗೋಡೆಗೆ ಸುಣ್ಣ ಬಳಿಯುವಂತೆ ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲಕ್ಕೆ ಎಳೆಯತೊಡಗಿದ. ಬೆರಳು ಹೋದಲ್ಲೆಲ್ಲ ಕಪ್ಪು ಗೆರೆ ಹಿಂಬಾಲಿಸಿತು. ಕೆಳಗಿನ ಅರ್ಧದಲ್ಲಿ, ಒಂದು ಕಡೆ, ಗೆರೆ ತುಂಡಾಯಿತು. ಮತ್ತೆ ಎಳೆದ. ಅಲ್ಲಿಯೇ ತುಂಡಾಯಿತು. ಪರದೆಯೆಲ್ಲ ಕಪ್ಪಾದ ಮೇಲೂ ಅಲ್ಲಿ ಹೆಬ್ಬೆಟ್ಟಿನಷ್ಟು ಬಿಳಿ ಉಳಿಯಿತು.

"ಇಷ್ಟು ಜಾಗ ಡೆಡ್ಡು ಸಾರ್. ಬಿದ್ದಿತ್ತಾ?"

"ಇಲ್ಲ."

"ಹಾಗಾದ್ರೆ ಹುಟ್ತಾನೇ ಹೀಗೆ. ಗಾಜು ಹಾಕಿಸೋ ದುಡ್ಡಲ್ಲಿ ಇಂಥದ್ದೇ ಹೊಸದು ಬರುತ್ತೆ, ಬಿಟ್ಟಾಕಿ. ಅಡ್ಡ ಹಿಡ್ಕೊಂಡ್ರೆ ಆಯ್ತು, ಆ ಜಾಗ ಪಕ್ಕಕ್ಕೆ ಹೋಗುತ್ತೆ." ಚಿಮಟ ಅಡ್ಡ ಹಿಡಿದ. ಪರದೆ ತಿರುಗಲಿಲ್ಲ. "ಯಾರೋ ಪುಣ್ಯಾತ್ಮರು ಲಾಕ್ ಮಾಡಿಟ್ಟಿದ್ದಾರೆ."

ಅವನು ಟ್ಯಾಬ್ಲೆಟ್ಟನ್ನು ಕೈಗೆ ತೆಗೆದುಕೊಂಡ. ಸಂದೇಶದ ಪುಟ ತೆರೆದಾಗ ಕೀಲಿಮಣೆ ಮೇಲೆದ್ದು ಬಂತು. ಅಕ್ಷರಗಳನ್ನು ಒಂದೊಂದಾಗಿ ಒತ್ತುತ್ತ ಹೋದ. ಕ ಬಂತು. ಗ ಬಂತು. ಮ, ರ, ಲ ಎಲ್ಲವೂ ಬಂದವು. ಬ ಬರಲಿಲ್ಲ. ಒತ್ತಿ ಹಿಡಿದರೆ ಅದೇ ಗುಂಡಿಯೊಳಗಿಂದ ಹೊರಡಬೇಕಾದ ಭ ಕೂಡ ಬರಲಿಲ್ಲ. ಗಟ್ಟಿಯಾಗಿ ಒತ್ತಿದ. ಉಗುರಿನಿಂದ ಒತ್ತಿದ.

"ಗುಂಡಿ ಅಲ್ಲ ಸಾರ್ ಅದು, ಬರೀ ಗಾಜು. ಒಡೆದು ಹೋಗುತ್ತೆ," ಎಂದ ಚಿಮಟ. "ಅಕ್ಕ ಒಂದು ದಿನಾನೂ ಹೇಳಲಿಲ್ವಾ?"

"ಇಲ್ಲ."

"ಪಾಪ, ಒಳ್ಳೆಯವರು. ಈಗ ಹೇಗಿದಾರೆ?"

"ಪರವಾಗಿಲ್ಲ," ಎಂದ ಅವನು. ದುಡ್ಡು ಕೊಟ್ಟು ಎದ್ದ.

ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಸಿಕ್ಕಿತಲ್ಲ ಎಂದು ಮನಸ್ಸಿಗೆ ಸಮಾಧಾನವಾದದ್ದು ಕಂಡು ಅವನಿಗೇ ಅಸಹ್ಯವೆನಿಸಿತು. ಟ್ಯಾಬ್ಲೆಟ್ಟು ತೊಡೆಯ ಮೇಲಿತ್ತು. ಅಳು ಬರಬಹುದೆಂದು ಕಾದ. ಬರಲಿಲ್ಲ. ಮುಂದಿನ ಸೀಟಿನ ಹೆಂಗಸು ತನ್ನ ತಮ್ಮನಿಗೋ ಮಗನಿಗೋ ಫೋನಿನಲ್ಲಿ ಬಯ್ಯುತ್ತಿದ್ದಳು. ಬಾರೋ, ಬೇಗ ಬಾ, ಬರ್ತೀಯೋ ಇಲ್ವೋ ಎಂದು ಹತ್ತಾರು ಸಲ ಅಂದಳು. ಆ ಅಕ್ಷರವನ್ನು ಅಷ್ಟೊಂದು ಧಾರಾಳವಾಗಿ ಖರ್ಚು ಮಾಡುವವರನ್ನು ಅವನು ಅಂದೇ ಮೊದಲು ಕೇಳಿದಂತಿತ್ತು.

ತನ್ನ ಫೋನು ತೆಗೆದು ಅಕ್ಕನ ಸಂದೇಶಗಳ ಕೊನೆಗೆ ಹೋದ. ಅಲ್ಲಿ ಏನಿದೆಯೆಂದು ಅವನಿಗೆ ಗೊತ್ತಿತ್ತು. ಭಾವನೊಡನೆ ಮಾತಾಡಿದ ಆ ಸಂಜೆಯಿಂದ ಬರತೊಡಗಿದವು.

◌ಾ

ಮರುದಿನ ಬೆಳಿಗ್ಗೆ ಮತ್ತೆ.

◌ಾ

ಆಮೇಲೆ ಸಾಲಾಗಿ, ಒಂದರ ಕೆಳಗೊಂದು, ಮಾತಿಲ್ಲದೆ. ಚುಕ್ಕಿಗಳ ಖಾಲಿ ಬಳೆ. ಅದರ ಬಲಕ್ಕೆ ಆಸರೆಯಿಲ್ಲದೆ ಜೋತುಬಿದ್ದ ದೀರ್ಘ. ಶಾಲೆಯಲ್ಲಿ ಅದಕ್ಕೆ ಇಳಿ ಎನ್ನುತ್ತಿದ್ದರು. ಸಂಜೆ ದೀಪದ ಮುಂದೆ ಅಕ್ಕ ಹೇಳಿಕೊಡುತ್ತಿದ್ದಳು: ಬ ತಲಕಟ್ಟು ಬ, ಬ ಇಳಿ ಬಾ. ಅವನು ನಿದ್ದೆಗಣ್ಣಿನಲ್ಲಿ ತೂಗುತ್ತ ಅದನ್ನೇ ಒಪ್ಪಿಸುತ್ತಿದ್ದ.

ಆ ಸಾಲಿನ ಕೆಳಗೆ ಅವನ ಉತ್ತರವೂ ಇತ್ತು. ತಪ್ಪಿಲ್ಲದ ಕನ್ನಡದಲ್ಲಿತ್ತು: "ಕೈ ತಾಗುತ್ತಿದೆ ಎಂದು ಕಾಣುತ್ತದೆ. ಬಳಸಿದ ಮೇಲೆ ಆಫ್ ಮಾಡಿಡು."

ಅಗ್ಗದ ಮಾಲು ಎಂದುಕೊಂಡ. ಮಾರಿದವನು ಮೋಸಗಾರ ಎಂದುಕೊಂಡ. ಸ್ವಲ್ಪ ದೂರ ಹೋಗುವವರೆಗೆ ಆ ಮಾತು ನಿಂತಿತು. ಆಮೇಲೆ ಇನ್ನೊಂದು ಮಾತು ಬಂದು ಪಕ್ಕದಲ್ಲಿ ಕುಳಿತಿತು. ಆ ಅಕ್ಷರ ಬಿದ್ದಿದ್ದರೆ, ಅವಳು ಬಾ ಎಂದೇ ಬರೆದಿದ್ದರೆ, ಅವತ್ತೇ ಹೊರಡುತ್ತಿದ್ದನೇ? ಅವನು ಕಿಟಕಿಯ ಹೊರಗೆ ನೋಡಿದ. ನೋಡುವಂಥದ್ದೇನೂ ಇರಲಿಲ್ಲ. ಗೋಡೆಗಳು, ಗೇಟುಗಳು, ಮತ್ತೆ ಗೋಡೆಗಳು.

"ಇಳೀರಿ, ಇಳೀರಿ," ಎಂದು ಕಂಡಕ್ಟರು ಕೂಗಿದಾಗ ಬೆಚ್ಚಿಬಿದ್ದ.

ಬಾಗಿಲ ಮುಂದೆ ಚಪ್ಪಲಿಗಳಿದ್ದವು. ಒಳಗೆ ನೆರೆಯವರು ಗೋಡೆಗೆ ಒರಗಿ ಕುಳಿತಿದ್ದರು. ಅಕ್ಕನನ್ನು ನಡುಮನೆಯಲ್ಲಿ ಮಲಗಿಸಿ ಬಿಳಿ ಬಟ್ಟೆ ಹೊದಿಸಿದ್ದರು. ಅಂಚು ಮಡಿಸಿ ಹೊಲಿದಿದ್ದನ್ನು ನೋಡಿದರೆ ಭಾವನದೇ ಕೈಕೆಲಸ ಎಂದು ತಿಳಿಯುತ್ತಿತ್ತು. ಮುಖ ಚಿಕ್ಕದಾಗಿತ್ತು. ಅವನು ಕೈಮುಗಿದ. ಅತ್ತ ಬಟ್ಟೆ ಹೊಲಿಯುವ ಯಂತ್ರದ ಪಕ್ಕದಲ್ಲಿ ಭಾವ ಕೊರಳಲ್ಲಿ ಅಳತೆ ಪಟ್ಟಿ ಹಾಕಿಕೊಂಡೇ ಕುಳಿತಿದ್ದ. ಅದನ್ನು ತೆಗೆದಿಡುವಂತೆ ಯಾರೂ ಹೇಳಿರಲಿಲ್ಲ.

"ರಿಪೇರಿ ಆಯ್ತಾ?" ಭಾವ ಕೇಳಿದ.

"ಆಯ್ತು ಭಾವ."

"ಇಲ್ಲಿ ಕೊಡು." ಭಾವ ಟ್ಯಾಬ್ಲೆಟ್ಟನ್ನು ಇಸಿದುಕೊಂಡು ಅಂಗಿಯ ತುದಿಯಿಂದ ಒರೆಸಿ, ಪರದೆ ಬೆಳಗಿಸಿ ನೋಡಿ, ಅಕ್ಕನ ತಲೆಯ ಹತ್ತಿರ ಇಟ್ಟ. ಕೈಗೆ ಸಿಗುವ ಹಾಗೆ ಇಟ್ಟ. ಆಮೇಲೆ ತಾನೇ ನಾಚಿಕೊಂಡವನಂತೆ ತೆಗೆದು ಯಂತ್ರದ ಮೇಲೆ ಇಟ್ಟ.

ಅದು ಇಲ್ಲದೆ ಅಕ್ಕನಿಗೆ ಬಹಳ ಕಷ್ಟವಾಯಿತೆಂದು ಭಾವ ತಗ್ಗಿದ ದನಿಯಲ್ಲಿ ಹೇಳತೊಡಗಿದ. ತಪ್ಪು ಹೊರಿಸುವ ದನಿಯಲ್ಲ. ಅಳತೆ ಒಪ್ಪಿಸುವ ದನಿ. ಕೊನೆಕೊನೆಗೆ ಅವಳಿಗೆ ಪೆನ್ಸಿಲ್ ಹಿಡಿಯಲೂ ಆಗುತ್ತಿರಲಿಲ್ಲ. ಹೊದಿಕೆಯ ಮೇಲೆ ಬೆರಳಾಡಿಸುತ್ತಿದ್ದಳು. ಒಂದೇ ಗುರುತು. ಭಾವನ ಅಂಗೈಯನ್ನು ಎಳೆದುಕೊಂಡು ಅದರ ಮೇಲೂ ಅದನ್ನೇ ಎಳೆಯುತ್ತಿದ್ದಳು.

"ಉರುಟಾಗಿ ಎಳೀತಿದ್ಲು. ಹಿಂಗೆ," ಎಂದು ಭಾವ ಗಾಳಿಯಲ್ಲಿ ತೋರಿಸಿದ. "ನನಗೆ ಏನು ಗೊತ್ತಾಗಬೇಕು. ಗುಂಡಿ ಕೇಳ್ತಿದ್ದಾಳೆ ಅಂದ್ಕೊಂಡೆ. ರವಿಕೆದು ಕಿತ್ತು ಹೋಗಿತ್ತು. ಡಬ್ಬಿಯಿಂದ ಒಂದು ಒಳ್ಳೇದು ಆರಿಸಿ ಕೈಗೆ ಕೊಟ್ಟೆ. ಹಿಡ್ಕೊಂಡ್ಲು. ಹಿಡ್ಕೊಂಡು ನನ್ನ ಮುಖಾನೇ ನೋಡಿದ್ಲು. ಆಮೇಲೆ ಬೆರಳಾಡಿಸಲಿಲ್ಲ."

ಅಕ್ಕನ ಬಲಗೈ ಮುಷ್ಟಿಯಾಗಿತ್ತು. ಅವನು ಅದನ್ನು ಈಗ ಗಮನಿಸಿದ. ಬೆರಳುಗಳ ಸಂದಿಯಲ್ಲಿ ಗುಂಡಿಯ ಅಂಚು ಬಿಳಿಯಾಗಿ ಕಾಣುತ್ತಿತ್ತು.

"ಬಿಡಿಸೋಕೆ ಹೋದೆ, ಆಗಲಿಲ್ಲ. ಇರಲಿ ಅಂತ ಬಿಟ್ಟೆ." ಭಾವ ಅವನ ಕಡೆ ತಿರುಗಿದ. ನೀರು ತುಂಬಿದ ಆ ಕಣ್ಣುಗಳಲ್ಲಿ ದೊಡ್ಡದೊಂದು ನಂಬಿಕೆಯಿತ್ತು. "ನೀನು ಓದಿದೋನು. ಅಕ್ಷರಾನೇ ನಿನ್ನ ಕೆಲಸ. ಹೇಳಪ್ಪ, ಅವಳು ಕೇಳಿದ್ದು ಗುಂಡಿನೇ ತಾನೆ?"

ಕುಳಿತವರೆಲ್ಲ ಅವನ ಕಡೆ ನೋಡಿದರು. ಯಂತ್ರದ ಮೇಲೆ ಟ್ಯಾಬ್ಲೆಟ್ಟಿನ ಪರದೆ ಇನ್ನೂ ಆರಿರಲಿಲ್ಲ.

"ಗುಂಡಿನೇ ಭಾವ," ಎಂದ ಅವನು. "ಇನ್ನೇನಿರುತ್ತೆ."

ಭಾವ ನಿಟ್ಟುಸಿರು ಬಿಟ್ಟ. "ಹಾಗಾದ್ರೆ ಸರಿ. ಕೇಳಿದ್ದು ಕೊಟ್ಟೆ," ಎಂದ. ಮೊದಲ ಬಾರಿಗೆ ಅವನ ಭುಜಗಳು ಸಡಿಲವಾದವು.

ಮಣ್ಣು ಮೆತ್ತಿದ ಕಾಲುಗಳಲ್ಲಿ ಒಬ್ಬಾತ ಬಂದು ಹೊಸ್ತಿಲ ಆಚೆಯೇ ನಿಂತ. ಒಳಗೆ ಬರಲು ಸಂಕೋಚಪಟ್ಟು, ಯಾರ ಮುಖವನ್ನೂ ನೋಡದೆ, ಗುಂಡಿ ಸಿದ್ಧವಾಗಿದೆ ಎಂದ.

ನೆರೆಯವರು ಎದ್ದರು. ಎತ್ತುವ ಮೊದಲು ಒಂದು ಪ್ರಾರ್ಥನೆಯಾಗಲಿ, ಒಡಹುಟ್ಟಿದವನು ನೀನೇ ಹೇಳು ಎಂದು ಹಿರಿಯರೊಬ್ಬರು ಅವನಿಗೆ ಹೇಳಿದರು. ಅವನು ಅಕ್ಕನ ಪಕ್ಕದಲ್ಲಿ ಮಂಡಿಯೂರಿ ಕುಳಿತು, ಆ ಮುಷ್ಟಿಯ ಮೇಲೆ ಕೈಯಿಟ್ಟ. ಗುಂಡಿಯ ಅಂಚು ಅಂಗೈಗೆ ಒತ್ತಿತು. ತಿದ್ದಿ ತಿದ್ದಿ ಅಭ್ಯಾಸವಾದ ನಾಲಿಗೆಗೆ ಶುದ್ಧವಾದ ಒಂದು ವಾಕ್ಯವೂ ಹೊಳೆಯಲಿಲ್ಲ. ಎಲ್ಲರೂ ಕಾಯುತ್ತಿದ್ದರು. ತುಟಿಯಷ್ಟೇ ಅಲುಗಿತು. ಕೇಳಿಸಿಕೊಳ್ಳುವವನು ಒಬ್ಬನೇ ಎಂದು ತಿಳಿದು, ದನಿಯಿಲ್ಲದೆ ಹೇಳಿದ:

ದೇವರೇ, ನನ್ನ ಅಕ್ಕನ ಜೀವಕ್ಕೆ ಶಾಂತಿ ಕೊಡು. ಅವಳು ಕರೆದು ಕರೆದು ದಣಿದಿದ್ದಾಳೆ. ನಿನ್ನ ಬಾಗಿಲಲ್ಲಿ ಯಾರಾದರೊಬ್ಬರು ಎದುರಿಗೆ ಬಂದು ನಿಲ್ಲಲಿ, ಬಾಯಿ ತುಂಬ, ಅವಳಿಗೆ ಕೇಳುವಂತೆ, ಬಾ ಅನ್ನಲಿ.